ಇನ್ನೂರ ನಲವತ್ತು ಅಡಿಯ ಮೇಪಲ್ ಮರ

ಮಾರ್ಚ್ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಹನ್ನೊಂದೂ ನಲವತ್ತಕ್ಕೆ, ಮೇಯ್ನ್ ರಾಜ್ಯದ ಟಾರ್ಬೆಲ್ ಊರಿನ ವಾರ್ಷಿಕ ಸಭೆಯು ಮರ್ಲ್ ತಿಬೊಡೋನ ಕೊಳವೆಬಾವಿಯಲ್ಲಿದ್ದ ಆರ್ಸೆನಿಕ್ ವಿಷವನ್ನು ನಲವತ್ತಮೂರರಿಂದ ಒಂಬತ್ತಕ್ಕೆ ಇಳಿಸಿತು. ಪರವಾಗಿ ಅರವತ್ತೊಂದು ಕೈಗಳು ಎದ್ದವು, ವಿರುದ್ಧವಾಗಿ ಹನ್ನೆರಡು. ಹತ್ತರವರೆಗೆ ಕುಡಿಯಬಹುದೆಂಬ ಸರ್ಕಾರಿ ನಿಯಮವಿರುವುದರಿಂದ ಆ ಗಳಿಗೆಯಿಂದಲೇ ನೀರು ಶುದ್ಧವಾಯಿತು. ಆಮೇಲೆ ಎಲ್ಲರೂ ಊಟಕ್ಕೆ ಎದ್ದರು.

ಮರ್ಲ್ ಇದನ್ನು ಕೇಳಿರಲಿಲ್ಲ. ಮರದ ದಿಮ್ಮಿಗಳ ಲಾರಿ ಓಡಿಸುವ ಅವನು, ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ಹಿಂದಿನ ದಿನದಿಂದಲೇ ಬೆವರುವವನು, ಕೇಳಿದ್ದು ಒಂದು ಶುದ್ಧೀಕರಣ ಯಂತ್ರಕ್ಕೆ ಅನುಮತಿ ಮಾತ್ರ. ಬಾಣಂತನಕ್ಕೆಂದು ಪಕ್ಕದ ಪಟ್ಟಣದ ತವರಿಗೆ ಹೋಗಿದ್ದ ಹೆಂಡತಿ ಡೇನಾ, ಪ್ರಯೋಗಾಲಯದ ವರದಿಯನ್ನು ಫೋನಿನಲ್ಲಿ ಎರಡು ಸಲ ಓದಿಸಿಕೊಂಡು, "ಆ ನೀರಲ್ಲಿ ನನ್ನ ಮಗಳಿಗೆ ಹಾಲಿನ ಪುಡಿ ಕಲಸಲ್ಲ. ನೀರು ಸರಿಮಾಡು, ಬರ್ತೀವಿ" ಎಂದಿದ್ದಳು. ಮಗುವಿಗೆ ಐದು ವಾರ. ಈವರೆಗೆ ಮರ್ಲ್ ಅವಳನ್ನು ಎತ್ತಿಕೊಂಡದ್ದೆಲ್ಲ ಭಾನುವಾರಗಳಂದು, ಅದೂ ಅತ್ತೆ ಲೂಸಿಲ್ "ಕುತ್ತಿಗೆ, ಕುತ್ತಿಗೆ" ಎನ್ನುತ್ತಿರುವಾಗ.

ಅಂಗಡಿಯವನು ಎರಡು ಬಗೆ ತೋರಿಸಿದ್ದ. ಒಂದು, ಸಿಂಕಿನ ಕೆಳಗೆ ಕೂರುವ ಪುಟ್ಟ ಆರ್‌ಓ, ಕುಡಿಯುವ ನೀರಿಗಷ್ಟೇ. ಇನ್ನೊಂದು, ಆಳೆತ್ತರದ ಟ್ಯಾಂಕು, ಇಡೀ ಮನೆಗೆ. ಮರ್ಲ್ ಪುಟ್ಟದ್ದನ್ನು ಆರಿಸಿದ. ಆದರೆ ಅದು ಒಂದು ಜಗ್ ಕೊಟ್ಟರೆ ಮೂರು ಜಗ್ ಚೆಲ್ಲುತ್ತದೆ. ‘ಯಾವುದೇ ಯಂತ್ರವು ಊರಿನ ನೆಲಕ್ಕೆ ನೀರನ್ನು ಬಿಡುವುದಾದಲ್ಲಿ ಸಭೆಯ ಪೂರ್ವಾನುಮತಿ ಪಡೆಯತಕ್ಕದ್ದು’ ಎಂಬ ನಿಯಮವಿದ್ದುದರಿಂದ, ಅವನ ಸಿಂಕು ಕಲಂ ಮೂವತ್ತೊಂದಾಗಿ ಸಭೆಯ ಮುಂದೆ ಬಂತು.

"ಮೂರು ಚೆಲ್ಲಿ ಒಂದು ಕುಡಿಯೋದಾ?" ಎಂದು ಮುಂದಿನ ಸಾಲಿನ ಹೆಂಗಸೊಬ್ಬಳು ಎದ್ದಳು. "ನಮ್ಮತ್ತೆ ಇದೇ ನೀರು ಕುಡ್ಕೊಂಡು ತೊಂಬತ್ತೊಂದು ವರ್ಷ ಬದುಕಿದ್ರು."

"ಅದಕ್ಕೆ ನೀರನ್ನ ಯಾಕೆ ಬೈತೀಯಾ?" ಎಂದಿತು ಹಿಂದಿನಿಂದ ಒಂದು ದನಿ.

"ದೊಡ್ಡ ಟ್ಯಾಂಕೇ ಹಾಕ್ಸಲಿ ಬಿಡಿ."

"ಅದರೊಳಗಿನ ಪುಡಿ ಆಗಾಗ ಬದಲಾಯಿಸ್ಬೇಕು. ವಿಷ ಹೀರಿದ ಆ ಪುಡೀನ ಎಲ್ಲಿ ಸುರೀತೀರಿ?"

"ರಾಯ್ಸ್ ಮಾರೋ ಸೈಟಲ್ಲಿ!"

ನಗು ಅಡಗುವ ಮೊದಲೇ ರಾಯ್ಸ್ ಹಚಿನ್ಸ್ ಎದ್ದು ನಿಂತ. ಕೆರೆಯ ದಂಡೆಯ ಸೈಟುಗಳನ್ನು ಮಾರುವವನು ಅವನೇ.

"ಅಧ್ಯಕ್ಷರೇ, ಯಂತ್ರ ಯಾವುದು ಅನ್ನೋದಲ್ಲ ಪ್ರಶ್ನೆ. ನಲವತ್ತಮೂರು ಅನ್ನೋದೇ ಪ್ರಶ್ನೆ. ನಮ್ಮೆಲ್ಲರ ಬಾವಿ ಕೂತಿರೋದು ಒಂದೇ ಬಂಡೆ ಮೇಲೆ. ಅವನದು ನಲವತ್ತಮೂರಾದ್ರೆ ನಾಳೆ ನಿಮ್ಮದೂ ನಲವತ್ತಮೂರು. ಆಮೇಲೆ ನಿಮ್ಮ ಮನೇನ ಯಾರು ಮೂಸಿ ನೋಡ್ತಾರೆ? ಒಂದು ತಿದ್ದುಪಡಿ ಮಂಡಿಸ್ತೀನಿ: ನಲವತ್ತಮೂರು ಅಂತ ಇರೋ ಕಡೆಯೆಲ್ಲ ಒಂಬತ್ತು ಅಂತ ಓದಿಕೊಳ್ಳತಕ್ಕದ್ದು."

"ಸೊನ್ನೆನೇ ಮಾಡ್ಬಿಡಪ್ಪ!"

"ಸೊನ್ನೆ ಅಂದ್ರೆ ಯಾರೂ ನಂಬಲ್ಲ," ಎಂದ ರಾಯ್ಸ್ ಗಂಭೀರವಾಗಿ. "ನಾವು ಪ್ರಾಮಾಣಿಕ ಜನ."

ಮರ್ಲ್ ಎದ್ದ. ಬರೆದುಕೊಂಡು ಬಂದಿದ್ದ ಚೀಟಿ ಅಂಗೈಯಲ್ಲೇ ಒದ್ದೆಯಾಗಿ ಅಕ್ಷರ ಕದಡಿತ್ತು. "ಅದು... ನೀರಿಗೆ ಗೊತ್ತಾಗುತ್ತಾ?" ಎಂದಷ್ಟೇ ಕೇಳಲಾಯಿತು.

"ನೀರು ಈ ಊರಿನ ಮತದಾರ ಅಲ್ಲ," ಎಂದು ಸಭಾಧ್ಯಕ್ಷ ಕ್ಲೇಟನ್ ಸುತ್ತಿಗೆ ಕುಟ್ಟಿದ.

ಆ ಸಂಜೆ ಮರ್ಲ್ ಡೇನಾಗೆ ಫೋನು ಮಾಡಿದ.

"ಒಂಬತ್ತಾ? ಹೆಂಗೆ ಇಳೀತು?"

"ಕೈ ಎತ್ತಿದ್ರು."

ಆ ಕಡೆ ಮಗು ಸಣ್ಣಗೆ ರಾಗ ತೆಗೆಯಿತು. "ನೀನು?"

"ವಿರುದ್ಧವಾಗಿ ಎತ್ತಿದೆ."

"ಒಳ್ಳೇದು ಮಾಡ್ದೆ. ನಾವು ಇಲ್ಲೇ ಇರ್ತೀವಿ."

ಸೋಮವಾರ ಪತ್ರ ಬಂತು. ‘ತಮ್ಮ ನೀರು ನಿರ್ದೋಷಿಯೆಂದು ಸಭೆಯು ತೀರ್ಮಾನಿಸಿರುವುದರಿಂದಲೂ, ನಿರ್ದೋಷಿ ನೀರನ್ನು ಶುದ್ಧೀಕರಿಸುವುದು ಊರಿಗೆ ಮಾಡುವ ಅವಮಾನವಾದುದರಿಂದಲೂ, ತಮ್ಮ ಅರ್ಜಿಯನ್ನು ಸಂತೋಷದಿಂದ ವಿಲೇ ಮಾಡಲಾಗಿದೆ.’ ಮರ್ಲ್ ಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ, ಮಗುವಿನ ಫೋಟೋದ ಕೆಳಗೆ, ಅಂಟಿಸಿದ. ಬೇರೆ ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಅದೇ ವಾರ ಮೇಪಲ್ ಮರಗಳು ಸಿಹಿ ರಸ ಬಿಡತೊಡಗಿದವು. ಮರ್ಲ್ ವಾಡಿಕೆಯಂತೆ, ಆ ರಸದಿಂದ ಪಾಕ ಕಾಯಿಸುವ ಅಲ್ಸೀಡ್ ಮಾಮನ ಆಲೆಮನೆಗೆ ಸೌದೆ ಜೋಡಿಸಲು ಹೋದ. ರಸವನ್ನು ಹಾಗೇ ಕುದಿಸಿ ಪಾಕ ಮಾಡಿದರೆ ಇಡೀ ಕಾಡೇ ಸೌದೆಯಾಗಿ ಮುಗಿದುಹೋಗುತ್ತದೆ. ಹಾಗಾಗಿ ಮೊದಲು ಒಂದು ಯಂತ್ರ ರಸದೊಳಗಿನ ನೀರನ್ನು ಹಿಂಡಿ ತೆಗೆಯುತ್ತದೆ. ಆ ನೀರು ಪೈಪಿನಿಂದ ಹೊರಗೆ ಹಿಮದ ಮೇಲೆ ಸುರಿಯುತ್ತಿತ್ತು. ಎಷ್ಟೋ ವರ್ಷ ನೋಡಿದ್ದರೂ ಮರ್ಲ್ ಅದನ್ನು ನೋಡಿದ್ದು ಅಂದೇ.

"ಮಾಮ, ಈ ಚೆಲ್ತಿರೋದು..."

"ನೀರು. ಇದಕ್ಕಿಂತ ಶುದ್ಧವಾದ್ದು ಜಿಲ್ಲೆಯಲ್ಲೇ ಇಲ್ಲ. ನಾನು ಬೂಟು ತೊಳೀತೀನಿ."

"ಯಂತ್ರ ಯಾವುದು?"

"ಆರ್‌ಓ. ಇನ್ನೇನು?"

"ಇದಕ್ಕೆ ಊರಿನ ಅನುಮತಿ?"

"ಆಲೆಮನೆಗಾ? ತಲೆ ಕೆಟ್ಟಿದೆಯೇನೋ? ಆಲೆಮನೆ ತಂಟೆಗೆ ಬಂದ್ರೆ ಆ ಕ್ಲೇಟನ್‌ನ ಅವನ ಹೆಂಡ್ತಿನೇ ಒಳಗೆ ಬಿಟ್ಕೊಳ್ಳಲ್ಲ. ನಮಗೆ ಪೂರ್ತಿ ವಿನಾಯಿತಿ."

ಮರ್ಲ್ ಸ್ವಲ್ಪ ಹೊತ್ತು ಸೌದೆ ಜೋಡಿಸಿದ. "ಮಾಮ, ಇದಕ್ಕೆ ನಮ್ಮ ಬಾವಿ ನೀರು ಬಿಟ್ರೆ?"

ಅಲ್ಸೀಡ್ ಮಾಮ ಡೇನಾಳನ್ನೂ ಮಗುವನ್ನೂ ನೆನೆದನೋ ಏನೋ, ಮೂಲೆಯಲ್ಲಿದ್ದ ಹಳೆಯ ಯಂತ್ರದ ಮೇಲಿನ ಗೋಣಿ ಎಳೆದ. "ತಗೊಂಡು ಹೋಗು. ಯಾವ ಮರದ ರಸ ಅಂತ ಇದು ಕೇಳಲ್ಲ ಕಣೋ."

ಯಂತ್ರ ಕೇಳದಿದ್ದರೂ ಅರ್ಜಿಯ ನಮೂನೆ ಕೇಳುತ್ತಿತ್ತು. ವಿನಾಯಿತಿಗಾಗಿ ಆಲೆಮನೆಯನ್ನು ನೋಂದಾಯಿಸಬೇಕು. ಊರಿನ ಕ್ಲರ್ಕ್ ಯೂನಿಸ್ ಕನ್ನಡಕ ಏರಿಸಿ ಪೆನ್ನು ಹಿಡಿದಳು.

"ಮರಗಳ ಸಂಖ್ಯೆ?"

"ಮರ ಇಲ್ಲ ಯೂನಿಸ್, ಬಾವಿ." ಮರ್ಲ್‌ಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ನಾನು ಸಂಖ್ಯೆ ಕೇಳ್ದೆ."

"ಒಂದು."

"ಎತ್ತರ?"

"ಇನ್ನೂರ ನಲವತ್ತು ಅಡಿ. ಆದ್ರೆ ಕೆಳಗಡೆಗೆ."

ಆಕೆ ‘240 ಅಡಿ, ಕೆಳಮುಖ’ ಎಂದು ಬರೆದಳು. "ಕಾಂಡದ ಅಗಲ?"

"ಆರು ಇಂಚಿನ ಪೈಪು."

ಪೆನ್ನು ನಿಂತಿತು. "ಮರ್ಲ್, ಹತ್ತು ಇಂಚಿಗಿಂತ ಕಡಿಮೆ ಇರೋ ಎಳೇ ಮರದಿಂದ ರಸ ಇಳಿಸೋ ಹಾಗಿಲ್ಲ. ಮರಕ್ಕೆ ನೋವಾಗುತ್ತೆ. ಇಂಥದ್ದರಲ್ಲೆಲ್ಲ ತಮಾಷೆ ಬೇಡ."

ಮರ್ಲ್ ಹ್ಯಾಟು ತಿರುವುತ್ತ ನಿಂತ. ಇನ್ನೊಂದು ಭಾನುವಾರ, ಇನ್ನೊಂದು ‘ಕುತ್ತಿಗೆ, ಕುತ್ತಿಗೆ’. "ಚೆನ್ನಾಗಿ ಕಾಣ್ಲಿ ಅಂತ ಪೈಪಿನ ಮೇಲೊಂದು ಪ್ಲಾಸ್ಟಿಕ್ ಬಂಡೆ ಕವುಚಿದೀನಿ. ಅದು ಎರಡೂವರೆ ಅಡಿ ಅಗಲ ಇದೆ."

"ಅದು ತೊಗಟೆ. ಮೊದಲೇ ಹೇಳ್ಬಾರ್ದಾ?" ಪೆನ್ನು ಓಡಿತು. "ರಸದಲ್ಲಿ ಸಕ್ಕರೆ?"

"ಸೊನ್ನೆ."

ಯೂನಿಸ್ ಕನಿಕರದಿಂದ ನೋಡಿದಳು. "ಕೆಲವು ವರ್ಷ ಹಂಗಾಗುತ್ತೆ."

ಹೀಗೆ ಮರ್ಲ್‌ನ ಅಡುಗೆಮನೆಯು ಊರಿನ ಹತ್ತೊಂಬತ್ತನೆಯ ಆಲೆಮನೆಯಾಯಿತು. ಯಂತ್ರದಿಂದ ಇಳಿದ ನೀರನ್ನು ಅವನು ಪ್ರಯೋಗಾಲಯಕ್ಕೆ ಕಳುಹಿಸಿದ. ವರದಿಯ ಮೇಲೆ ‘ಮೇಪಲ್ ರಸ’ ಎಂದಿತ್ತು, ಕೆಳಗೆ ‘ಆರ್ಸೆನಿಕ್: ಒಂದಕ್ಕಿಂತ ಕಡಿಮೆ’.

"ನಮ್ಮನೇಲಿ ಮೇಪಲ್ ಮರ ಎಲ್ಲಿದೆ?" ಎಂದಳು ಡೇನಾ, ಫೋನಿನಲ್ಲಿ ವರದಿ ಓದಿಸಿಕೊಂಡು.

"ಈಗ ಇದೆ."

"ಈ ಒಂದಕ್ಕಿಂತ ಕಡಿಮೆ ಅನ್ನೋದನ್ನ ಕೈ ಎತ್ತಿ ಮಾಡಿದ್ದಾ, ಅಳೆದು ಮಾಡಿದ್ದಾ?"

"ಅಳೆದು."

"ಗುರುವಾರ ಬಂದು ಕರ್ಕೊಂಡು ಹೋಗು."

ವಿನಾಯಿತಿಗೆ ಒಂದೇ ಷರತ್ತಿತ್ತು. ಮಾರ್ಚಿನ ನಾಲ್ಕನೆಯ ಭಾನುವಾರ ಪ್ರತಿ ಆಲೆಮನೆಯೂ ಸಾರ್ವಜನಿಕರಿಗೆ ಬಾಗಿಲು ತೆರೆಯತಕ್ಕದ್ದು. ಮರ್ಲ್ ತೆರೆದ. ಸರದಿ ಅಡುಗೆಮನೆಯಿಂದ ಹೊರಟು ಲಾರಿಯನ್ನು ಒಂದು ಸುತ್ತು ಹಾಕಿ ರಸ್ತೆಗೆ ಮುಟ್ಟಿತ್ತು. ಎಲ್ಲರ ಕೈಯಲ್ಲೂ ಕ್ಯಾನುಗಳು. ಮೊದಲಿಗೆ ನಿಂತಿದ್ದವನು ರಾಯ್ಸ್. ಅವನು ಒಂದು ಗುಟುಕು ಬಾಯಲ್ಲಿ ಹೊರಳಿಸಿ, ಕಣ್ಣು ಮುಚ್ಚಿ, "ಈ ಸಲದ ರಸ ಸ್ವಲ್ಪ ತೆಳು," ಎಂದ. "ಪರವಾಗಿಲ್ಲ, ಮೊಮ್ಮಕ್ಕಳು ಬರ್ತಿದಾರೆ. ಮೂರು ಕ್ಯಾನ್ ತುಂಬ್ಸು."

"ನಿಮ್ಮನೇದು ಒಂಬತ್ತೇ ಅಲ್ವಾ ರಾಯ್ಸ್?" ಎಂದಳು ಡೇನಾ, ಹಾಲಿನ ಪುಡಿಯ ಡಬ್ಬ ತೆರೆಯುತ್ತ.

"ಒಂಬತ್ತೇ," ಎಂದ ರಾಯ್ಸ್, ಕೊಂಚವೂ ಅಳುಕದೆ. "ಅದು ನೀರು ಕಣಮ್ಮ. ಇದು ಬೇರೆ."

ಹಿಂದಿದ್ದವರು ತಲೆಯಾಡಿಸಿದರು. ಮರ್ಲ್ ಮಗಳನ್ನು ತೋಳಿನ ಮೇಲೆ ಮಲಗಿಸಿಕೊಂಡು, ಯಾರೂ ಹೇಳಿಕೊಡದೆಯೇ ಕುತ್ತಿಗೆಗೆ ಕೈಯಾಸರೆ ಕೊಟ್ಟು, ಬಾಟಲಿ ಹಿಡಿದ. ಅವಳು ಕಡೆಯ ಹನಿಯವರೆಗೂ ಹೀರಿದಳು. ಅಷ್ಟರಲ್ಲಿ ಸಭಾಧ್ಯಕ್ಷ ಕ್ಲೇಟನ್, ಆಲೆಮನೆಗೆ ಬಂದವರೆಲ್ಲ ಕೇಳುವಂತೆ, ಪಾಕ ಯಾವಾಗ ಆಗುತ್ತೆ ಎಂದು ಕೇಳಿದ.

ಮರ್ಲ್ ಒಲೆಯ ಮೇಲಿನ ಕೆಟಲ್ ಕಡೆ ನೋಡಿದ. "ಕುದೀತಾ ಇದೆ," ಎಂದ.

ಎಲ್ಲರೂ ಕಾದು ನಿಂತರು.