ಯಾರ ಮನೆಯವರು ಎಂದು ಕೇಳದ ಯಂತ್ರ

ನನಗೊಂದು ಕೆಟ್ಟ ಚಟವಿದೆ. ಬೀಡಿ, ಎಲೆಅಡಿಕೆ ಅಲ್ಲ, ಅವಕ್ಕಾದರೆ ಬಿಡಿಸುವವರಿದ್ದಾರೆ. ಎದುರು ಕೂತವರು ಯಾರ ಮನೆಯವರು ಎಂದು ತಿಳಿಯದಿದ್ದರೆ ನನಗೆ ಉಂಡ ಅನ್ನ ಜೀರ್ಣವಾಗುವುದಿಲ್ಲ. ಇದು ನನ್ನೊಬ್ಬನ ದೋಷವೂ ಅಲ್ಲವೆನ್ನಿ. ಕಾರವಾರದಲ್ಲಿ ಅಂಕೋಲೆಯ ಬಸ್ಸು ಹತ್ತಿ ಪಕ್ಕದವರ ಹತ್ತಿರ ಮಾತು ತೆಗೆದರೆ, ಅಮದಳ್ಳಿ ದಾಟುವುದರೊಳಗೆ ಅವರ ಸೋದರಮಾವ ನಮ್ಮ ಚಿಕ್ಕಮ್ಮನ ಭಾವನಿಗೆ ನೆಂಟನೆಂದು ಸಾಬೀತಾಗಿರುತ್ತದೆ.

ಬಸ್ಸಿನಲ್ಲಿ ಇದು ಸೌಜನ್ಯ. ಆದರೆ ನಾನು ಕೂರುವುದು ಅಂಕೋಲೆ ಕಡೆಯ ಒಂದು ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ, ಆಪ್ತ ಸಮಾಲೋಚಕನಾಗಿ. ಬಂದವರ ಹೆದರಿಕೆ ಕಳೆಯಲೆಂದೇ ಮೊದಲು, "ನೀವು ಯಾರ ಮನೆಯವ್ರು?" ಎನ್ನುತ್ತಿದ್ದೆ. ಅವರು, "ಬಾಯಾರ್ತು, ನೀರು ಕುಡ್ದು ಬರ್ತೆ" ಎಂದು ಎದ್ದು ಹೋದವರು ತಿರುಗಿ ಬರುತ್ತಿರಲಿಲ್ಲ. ನಮ್ಮೂರಿನವರಿಗೆ ಇಷ್ಟು ಬಾಯಾರಿಕೆ ಯಾಕಪ್ಪಾ ಎಂದು ಒಣಮೀನಿನ ಮೇಲೆ ಅನುಮಾನಪಟ್ಟೆನೇ ಹೊರತು ನನ್ನ ಮೇಲೆ ಪಡಲಿಲ್ಲ.

ಕಳೆದ ವರ್ಷ ನಮಗೊಂದು ಚಾಟ್‌ಬಾಟ್ ಬಂತು. ಹಳ್ಳಿಯ ಹೆಂಗಸರು, ಬೋಟಿನ ಮೇಲೆ ದುಡಿಯುವವರು ಮೊಬೈಲಿನಲ್ಲಿ ಕೇಳಿದ್ದಕ್ಕೆ ಅದು ಕನ್ನಡದಲ್ಲೇ ಉತ್ತರ ಕೊಡುತ್ತದೆ. ಹೆಸರು, ನಂಬರು ತೆಗೆದುಹಾಕಿದ ಆ ಪ್ರಶ್ನೋತ್ತರಗಳನ್ನು ಓದಿ, ತಪ್ಪಿದ್ದರೆ ತಿದ್ದುವುದು ನನ್ನ ಪಾಲಿಗೆ ಬಂತು. ಯಂತ್ರವನ್ನು ತಿದ್ದುವ ಅಧಿಕಾರ ಸಿಕ್ಕಿತೆಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡೆ. "ನಿಮ್ಮನ್ನ ತಿದ್ದೂಕೆ ಎಂತದೂ ಬರ್ಲಿಲ್ಲನಾ?" ಎಂದಳು.

ಒಂದು ದಿನ ಈ ಪ್ರಶ್ನೆ ಕಣ್ಣಿಗೆ ಬಿತ್ತು: "ಗಂಡ ಗೋವಾದಲ್ಲಿ ಬೋಟಿನ ಮೇಲಿದ್ದಾರೆ. ಅಲ್ಲಿ ಎಂತದೋ ತಪ್ಪು ಮಾಡಿದ್ದೆ ಅಂತ ಮೊನ್ನೆ ಬಾಯಿಬಿಟ್ರು. ನಂಗೆ ಈಗ ಮೂರು ತಿಂಗಳು. ಕೂಸಿಗೆ ಎಂತಾದ್ರೂ ಆದ್ರೆ?" ಬೇಗ ಪರೀಕ್ಷೆ ಮಾಡಿಸಿ, ಸೋಂಕು ಇದ್ದರೂ ಈಗಲೇ ಔಷಧಿ ಶುರು ಮಾಡಿದರೆ ಮಗುವನ್ನು ಕಾಪಾಡಬಹುದು ಎಂದು ಯಂತ್ರ ಸಮಾಧಾನದಿಂದ ಹೇಳಿ, ನಮ್ಮ ಕೇಂದ್ರದ ದಾರಿ ತೋರಿಸಿತ್ತು. ಅದಕ್ಕೆ ಆಕೆ, "ಅಲ್ಲಿ ಕೂತವ್ರು ಕುಲಗೋತ್ರ ಎಲ್ಲಾ ಕೇಳ್ತ್ರಂತೆ. ನಮ್ಮತ್ತೆ ಕಿವಿಗೆ ಬಿದ್ರೆ ನನ್ನ ಕಥೆ ಮುಗೀತು. ನಾ ಹೋಗೂದಿಲ್ಲ" ಎಂದಿದ್ದಳು.

ಅಲ್ಲಿ ಕೂತವರು ಅಂದರೆ ನಾನೇ. ಇಷ್ಟು ವರ್ಷ ಒಬ್ಬರ ಗುಟ್ಟನ್ನೂ ನಾನು ಹೊರಗೆ ಬಿಟ್ಟವನಲ್ಲ, ಹೆಂಡತಿಗೂ ಹೇಳಿದವನಲ್ಲ. ಆದರೆ ಅದು ಆ ಹುಡುಗಿಗೆ ಹೇಗೆ ಗೊತ್ತಾಗಬೇಕು? ಹೊಟ್ಟೆಯೊಳಗಿನ ಕೂಸಿಗೂ ಔಷಧಿಗೂ ನಡುವೆ ನಾನು ಅಡ್ಡ ಕೂತಿದ್ದೆ. ನಾಚಿಕೆಯಾಯಿತು, ಅಳುವೂ ಬಂತು. "ನೀವು ಹೇಳಿದ್ದನ್ನು ಅವರು ಯಾರಿಗೂ ಹೇಳುವಂತಿಲ್ಲ. ಮನೆತನ ಕೇಳಿದರೆ ಹೇಳುವುದಿಲ್ಲ ಎನ್ನಿ, ಆದರೂ ಪರೀಕ್ಷೆ ಮಾಡುತ್ತಾರೆ" ಎಂದು ಯಂತ್ರ ಧೈರ್ಯ ತುಂಬಿತ್ತು. ತಿದ್ದಲು ಏನೂ ಇರಲಿಲ್ಲ.

ಮುಂದಿನ ವಾರ ಒಬ್ಬಳು ಬ್ಯಾಗನ್ನು ಎದೆಗೊತ್ತಿಕೊಂಡು ಬಂದಳು. ಮೂರು ತಿಂಗಳು, ಗಂಡ ಗೋವಾದ ಬೋಟಿನಲ್ಲಿ, ಊರು ಮಂಜಗುಣಿ ಎಂದಳು. ಅಯ್ಯೋ ದೇವರೇ, ಮಂಜಗುಣಿ ನನ್ನ ಹೆಂಡತಿಯ ತವರು! ದೇವಸ್ಥಾನದ ಹತ್ತಿರವೋ, ಹೊಳೆಯ ಬದಿಯೋ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದು ಕೂತಿತು. ತುಟಿ ಕಚ್ಚಿಕೊಂಡೆ. ಬೇಕಾದಷ್ಟನ್ನೇ ಕೇಳಿ, ಬೇಕಾದಷ್ಟನ್ನೇ ಹೇಳಿ, ರಕ್ತ ಕೊಡಲು ಕಳಿಸಿದೆ. ವರದಿ ಬರುವ ತನಕ ಆಕೆ ಮತ್ತೆ ಎದುರಿಗೆ ಬಂದು ಕೂತಳು. ನಾನು ಅದೇ ಫೈಲುಗಳನ್ನು ಮೂರು ಸಲ ಜೋಡಿಸಿದೆ.

ಸೋಂಕು ಇರಲಿಲ್ಲ. ಆಕೆ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕುವವನಂತೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡೆ. ಹೊಸ ಸೋಂಕು ಕೂಡಲೇ ಪರೀಕ್ಷೆಯಲ್ಲಿ ಕಾಣದಿರಬಹುದು, ಹಾಗಾಗಿ ಮೂರು ತಿಂಗಳಿಗೆ ಇನ್ನೊಮ್ಮೆ ಪರೀಕ್ಷೆಯಾಗಬೇಕು, ಅಲ್ಲಿಯ ತನಕ ಕಾಂಡೋಮ್ ಬಿಡಬಾರದು, ಗಂಡನಿಗೂ ಪರೀಕ್ಷೆ ಬೇಕು ಎಂದೆ. "ಎಳ್ಕೊಂಡೇ ಬರ್ತೆ" ಎಂದು ಮೊದಲ ಬಾರಿ ನಕ್ಕಳು.

ಬಾಗಿಲ ತನಕ ಹೋದವಳು ತಿರುಗಿ ನಿಂತಳು. "ಸರ್, ಮೊದ್ಲು ಇಲ್ಲಿದ್ದವ್ರಿಗೆ ವರ್ಗ ಆಯ್ತನಾ? ಅವ್ರ ಸುದ್ದಿ ಕೇಳಿ ಹೆದ್ರಿ ಸತ್ತಿದ್ದೆ. ನೀವು ಬಂದದ್ದು ಚೊಲೋ ಆಯ್ತು."

"ಹೌದು ತಂಗಿ," ಎಂದೆ, "ಅವ್ರಿಗೆ ಮಲ್ಲಾಪುರಕ್ಕೆ ವರ್ಗ ಆಯ್ತು."

"ಪಾಪ, ಮಲ್ಲಾಪುರದವ್ರ ಗತಿ!" ಎಂದು ಆಕೆ ಮರುಗಿದಳು. ನಾನೂ ಮರುಗಿದೆ.