ಯಾವ ಸಭೆಗೆ ಯಾವ ಕುರ್ಚಿ

ಮುಂಬೈಯಲ್ಲಿ ನಾಲ್ಕು ಜನ ಒಂದು ಕಡೆ ಸೇರಿದರೆ ಅದಕ್ಕೊಂದು ಹೆಸರು ಇಡುತ್ತಾರೆ. ಹೆಸರು ಇಟ್ಟ ಕೂಡಲೇ ನನಗೊಂದು ಫಜೀತಿ ಹುಟ್ಟುತ್ತದೆ. ಭಾಂಡುಪ್‌ನ ಒಂದು ಮಂಡಪ ಡೆಕೋರೇಟರ್ ಅಂಗಡಿಯಲ್ಲಿ ನನ್ನ ಕೆಲಸ. ಎಂಥ ಸಭೆ ಅಂತ ಫೋನಿನಲ್ಲಿ ಕೇಳಿಕೊಂಡು, ಅದಕ್ಕೆ ತಕ್ಕ ಕುರ್ಚಿ, ಮೈಕು ಟೆಂಪೋಕ್ಕೆ ತುಂಬಿ ಒಯ್ಯಬೇಕು. ನಮ್ಮೂರಿನ ಪಂಚಾಯ್ತಿ ಕಟ್ಟೆಯ ಎದುರಿಗೇ ನಮ್ಮ ಮನೆ. ಸಭೆ ಅಂದರೇನು ಅಂತ ನನಗೆ ಕಲಿಸುವ ಗಂಡಸು ಇನ್ನೂ ಹುಟ್ಟಿಲ್ಲ ಎಂದು ಹೇಳಿಯೇ ಈ ಕೆಲಸ ಹಿಡಿದೆ. ಊರಿಗೂ ಫೋನ್ ಮಾಡಿ, ಮುಂಬೈ ಸಭೆಗಳೆಲ್ಲ ನನ್ನ ಕೈಯಾಗ ಅದಾವ ಎಂದು ಸಾರಿದ್ದೆ. ಇವತ್ತು ನಾನು ಉಣ್ಣುವ ಅನ್ನ ಉಡುಪಿ ಕಡೆಯ ನಮ್ಮ ಧಣಿಯದು. ಜೊತೆಗೆ, ನನ್ನ ತಪ್ಪುಗಳನ್ನು ನಕ್ಕು ಬಿಟ್ಟ ಮಂದಿಯದು.

೧. ಬೈಠಕ್

ಬಾಂದ್ರಾದ ಹಿರಿಯ ನಾಗರಿಕರ ಸಂಘದವರು "ಬೈಠಕ್ ಇದೆ" ಎಂದರು. ನಮ್ಮ ಕಡೆ ಬೈಠಕ್ ಅಂದರೆ ಸಂಗೀತದ ಹಾಡುಕಿಗೆ ನೆಲದ ಮೇಲೆ ಹಾಸುವ ಗಾದಿ, ಒರಗಲು ಲೋಡು. ಅದನ್ನೇ ಒಯ್ದು ಠೀವಿಯಿಂದ ಹಾಸಿದೆ. ಅವರು ಹೇಳಿದ್ದು ಕಮಿಟಿ ಮೀಟಿಂಗಿಗೆ. ಬಂದವರೆಲ್ಲ ಮೊಣಕಾಲು ನೋವಿನವರು. ಒಬ್ಬರನ್ನೊಬ್ಬರು ಹಿಡಿದುಕೊಂಡು ಹೇಗೋ ಕೂತರು. ನಾನು ಬಾಗಿಲ ಹಿಂದೆ ಅಡಗಿದೆ.

ಮುಗಿದ ಮೇಲೆ ಸೆಕ್ರೆಟರಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಪ್ರತಿ ಸಲ ಅರ್ಧ ಮಂದಿ ಸಿಟ್ಟಾಗಿ ಎದ್ದು ಹೋಗುತ್ತಿದ್ದರು. ಇವತ್ತು ಸಿಟ್ಟು ಎಲ್ಲರಿಗೂ ಬಂತು, ಎದ್ದೇಳಲು ಯಾರಿಂದಲೂ ಆಗಲಿಲ್ಲ. ಎಲ್ಲ ಠರಾವೂ ಪಾಸ್."

೨. ಶೋಕ್ ಸಭಾ

ಕುರ್ಲಾದ ಚಾಳಿನಿಂದ ಒಬ್ಬ ಹುಡುಗ ಹಿಂದಿಯಲ್ಲಿ "ಶೋಕ್ ಸಭಾ" ಎಂದ. ಶೋಕಿ ಮಾಡುವ ಸಭೆ ಅಂದುಕೊಂಡು ನಾನು ಬಣ್ಣದ ಸೀರಿಯಲ್ ಲೈಟು, ಜರಿ ಪರದೆ, ಮೇಲೆ 'ಸುಸ್ವಾಗತ' ಬೋರ್ಡು ಕಟ್ಟಿಸಿದೆ. ಆಮೇಲೆ ಒಳಗಿನಿಂದ ಹಾರ ಹಾಕಿದ ಫೋಟೋ ಹೊರಗೆ ಬಂತು. ಶೋಕಿಯದಲ್ಲ, ಶೋಕದ ಸಭೆ.

ಬೋರ್ಡು ಬಿಚ್ಚಲು ಏಣಿ ಹತ್ತಿದೆ. ತೀರಿಕೊಂಡವರ ಹೆಂಡತಿ, ನಮ್ಮ ಕಡೆಯ ಅಜ್ಜಿ, ಕೆಳಗಿನಿಂದ ತಡೆದಳು. "ಇರಲಿ ಬಿಡೋ ತಮ್ಮಾ. ಅವರಿಗೆ ಬಾಗಿಲಾ ತಗದಾಗೆಲ್ಲ 'ಈಗ ಬಂದ್ರ್ಯಾ' ಅಂತ ಬೈದೀನಿ. ಹೋದ ಕಡೆಯಾರ ಒಂದು ಸುಸ್ವಾಗತ ಸಿಗಲಿ."

ಆ ತಾಯಿಗೆ ಇವತ್ತಿಗೂ ಕೈ ಮುಗಿಯುತ್ತೇನೆ. ಲೈಟು ಮಾತ್ರ ಆರಿಸಿದೆ.

೩. ಸರ್ವಸಾಧಾರಣ ಸಭಾ

ಸುದ್ದಿ ಧಣಿಗೆ ಮುಟ್ಟಿತು. "ನೋಡು ಮಾರಾಯ, ಸತ್ತವರ ಮನೆಗೆ ಸುಸ್ವಾಗತ ಕಟ್ಟುವವನನ್ನು ಇಟ್ಟುಕೊಂಡು ನಾನೆಂತ ಮಾಡುವುದು? ಇನ್ನೊಂದು ಸಲ ತಪ್ಪಿದರೆ ಟೆಂಪೋದ ಕೀ ಇಲ್ಲಿಟ್ಟು ಊರಿನ ಬಸ್ಸು ಹತ್ತು." ಅಷ್ಟೆಲ್ಲ ಬಡಾಯಿ ಕೊಚ್ಚಿದ ಮೇಲೆ ಊರಿಗೆ ಯಾವ ಮುಖ ಹೊತ್ತು ಹೋಗಲಿ?

ಮರುವಾರವೇ ಒಂದು ಹೌಸಿಂಗ್ ಸೊಸೈಟಿಯಿಂದ ಫೋನು. ಈ ಸಲ ಜಾಣನಾಗಿ ಎರಡೆರಡು ಸಲ ಕೇಳಿದೆ.

"ಎಂಥ ಸಭಾ?"

"ಸರ್ವಸಾಧಾರಣ ಸಭಾ."

"ಸಾಧಾರಣವೇ ತಾನೇ?"

"ಹೌದಪ್ಪಾ, ಸಾಧಾರಣ."

ಸಾಧಾರಣ ಸಭೆಗೆ ಒಳ್ಳೆ ಕುರ್ಚಿ ಯಾಕೆ ಸವೆಸಬೇಕು? ಗೋಡೌನಿನ ಮೂಲೆಯಲ್ಲಿದ್ದ, ಬಿರುಕು ಬಿಟ್ಟ ಪ್ಲಾಸ್ಟಿಕ್ ಕುರ್ಚಿಗಳನ್ನೇ ತುಂಬಿಸಿದೆ. ಧಣಿಯ ಒಳ್ಳೆ ಮಾಲು ಉಳಿಸಿದೆ ಎಂಬ ಹೆಮ್ಮೆ ಬೇರೆ.

ಹೋಗಿ ನೋಡಿದರೆ, ಮರಾಠಿಯ ಸರ್ವಸಾಧಾರಣ ಸಭಾ ಅಂದರೆ ನಮ್ಮ ಮಹಾಸಭೆ. ವರ್ಷಕ್ಕೊಮ್ಮೆ ಇಡೀ ಬಿಲ್ಡಿಂಗ್ ಸೇರುವಂಥದ್ದು. ವೇದಿಕೆಯ ಮೇಲೆ ಅಧ್ಯಕ್ಷರು. ಹನ್ನೆರಡು ವರ್ಷದಿಂದ ಅವರೇ. ಚುನಾವಣೆಯ ಮಾತೆತ್ತಿದವರ ಕೈಯಿಂದ ಮೈಕು ಕಿತ್ತುಕೊಳ್ಳುವ ಆಸಾಮಿ. "ನಿಮ್ಮ ಪ್ರೀತಿ ಇರುವ ತನಕ ನಾನು ಈ ಕುರ್ಚಿ ಬಿಡುವುದಿಲ್ಲ" ಎಂದು ಹಿಂದಕ್ಕೆ ಒರಗಿದರು. ಕುರ್ಚಿಯೇ ಅವರನ್ನು ಬಿಟ್ಟಿತು. ನಾಲ್ಕು ಕಾಲು ನಾಲ್ಕು ದಿಕ್ಕಿಗೆ.

ಪೆಟ್ಟೇನೂ ಆಗಲಿಲ್ಲ, ಆದರೆ ಜನರ ನಗು ನಿಲ್ಲಲಿಲ್ಲ. ಅವರು ಪ್ಯಾಂಟು ಕೊಡವಿಕೊಂಡು ಸೀದಾ ಮನೆಗೆ ನಡೆದರು. ಹಿಂದಿನ ಸಾಲಿನಿಂದ ಯಾರೋ "ಖುರ್ಚಿ ಖಾಲಿ ಆಹೇ" ಎಂದರು. ನಿಂತ ನಿಲುವಿನಲ್ಲೇ ಬೇರೆ ಅಧ್ಯಕ್ಷರನ್ನು ಆರಿಸಿಬಿಟ್ಟರು.

ನಾನು ಅಂಗಡಿಗೆ ಬಂದು, ಟೆಂಪೋದ ಕೀಲಿಯನ್ನು ಧಣಿಯ ಮೇಜಿನ ಮೇಲಿಟ್ಟು ತಲೆ ತಗ್ಗಿಸಿ ನಿಂತೆ. ಅಷ್ಟರಲ್ಲಿ ಹೊಸ ಅಧ್ಯಕ್ಷರ ಫೋನು ಬಂತು. ಧಣಿ ಬಹಳ ಹೊತ್ತು ಕೇಳಿಸಿಕೊಂಡು, ಕೀಲಿಯನ್ನು ನನ್ನ ಕಡೆಗೇ ತಳ್ಳಿದರು.

"ಏನಂದರ್ರಿ ಧಣಿ?"

"ಇಡೀ ಬಿಲ್ಡಿಂಗ್ ನಿನಗೆ ಥ್ಯಾಂಕ್ಸ್ ಹೇಳಿದೆಯಂತೆ. ಮುಂದಿನ ವರ್ಷವೂ ನೀನೇ ಕುರ್ಚಿ ತರಬೇಕಂತೆ ಮಾರಾಯ. ಅಧ್ಯಕ್ಷರದ್ದು ಮಾತ್ರ ಅವರೇ ಮನೆಯಿಂದ ತರ್ತಾರಂತೆ."