ಉಗ್ರಾಣದಲ್ಲೊಂದು ಬಾಂಬ್ ಕೋಣೆ

"ಬಾಂಬ್ ಬಿದ್ರೆ ಬೀಳ್ಲಿ ಬಿಡಿ!" ಎಂದು ನಮ್ಮ ಯಜಮಾನರು ವಠಾರದ ಅಂಗಳದಲ್ಲಿ ಎದೆಯುಬ್ಬಿಸಿ ನಿಂತಾಗ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಇವರು ಏನಾದರೂ ಕಂಡುಹಿಡಿದಾಗಲೆಲ್ಲ ನನಗೆ ಇದೇ ಅಭ್ಯಾಸ. ಹಿಂದೊಮ್ಮೆ ದೋಸೆ ಮಗುಚುವ ಯಂತ್ರ ಮಾಡಿದ್ದರು. ಅದು ಎಸೆದ ದೋಸೆಯೊಂದು ಇನ್ನೂ ಎದುರು ಮನೆಯ ಹೆಂಚಿನ ಮೇಲಿದೆ!

ಅದು ನಮ್ಮ ದೇಶವೂ ಪಕ್ಕದ ದೇಶವೂ ಒಂದೇ ತಿಂಗಳಲ್ಲಿ ಅಣುಬಾಂಬ್ ಸಿಡಿಸಿ ನೋಡಿದ ಬೇಸಿಗೆ. ತುಮಕೂರಿನ ಈ ವಠಾರದ ಮೇಲೆ ಯಾರಿಗೆ ಏನು ಹಗೆಯೋ ನಾನರಿಯೆ, ಮೊದಲ ಬಾಂಬ್ ಇಲ್ಲಿಗೇ ಎಂದು ಇವರಿಗೆ ಖಾತ್ರಿಯಾಗಿತ್ತು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಬೇಸಿಗೆ ರಜ ಬೇರೆ. ಉಗ್ರಾಣದ ಕಿಟಕಿಗೆ ಇಟ್ಟಿಗೆ ಕಟ್ಟಿಸಿ, ಗೋಡೆಗೆ ಮರಳಿನ ಮೂಟೆ ಒರಗಿಸಿ, ಕಬ್ಬಿಣದ ಬಾಗಿಲು ಕೂರಿಸಿ, ಅದರ ನೆತ್ತಿಗೆ 'ಜೀವರಕ್ಷಕ' ಎಂಬ ಯಂತ್ರವನ್ನು ತಗುಲಿಹಾಕಿದರು.

"ಸೈರನ್ ಕೇಳಿದ ತಕ್ಷಣ ಇದೂ ಹಾಗೇ ಕೂಗುತ್ತೆ, ಬಾಗಿಲು ತಾನೇ ಮುಚ್ಚಿಕೊಳ್ಳುತ್ತೆ! ಒಳಗೆ ಆಡಿದ ಮಾತು ಮೇಲಿರೋ ಹಾರನ್ನಿನಲ್ಲಿ ಹೊರಗೆ ಕೇಳುತ್ತೆ. ನಾವು ಬದುಕಿದೀವಿ ಅಂತ ಜನಕ್ಕೆ ಗೊತ್ತಾಗ್ಬೇಕಲ್ಲ! ಮೊದಲನೇ ಸಲ ಒಳಗೆ ಯಾರು ಜೋರಾಗಿ ಅಪ್ಪಣೆ ಕೊಡ್ತಾರೋ ಅದನ್ನ ಜ್ಞಾಪಕ ಇಟ್ಕೊಂಡು, ಸೈರನ್ ಕೂಗಿದಾಗೆಲ್ಲ ಅದನ್ನೇ ಸಾರುತ್ತೆ. ಕರೆಂಟ್ ಬೇಡ, ಬ್ಯಾಟರಿ ಬೇಡ. ಬಾಂಬೇ ಬಿದ್ರೂ ಐವತ್ತು ವರ್ಷ ನಿಲ್ಲಲ್ಲ!"

"ಆ ಸೈರನ್ ಹೆಂಗಿರುತ್ತಪ್ಪಾ ಚಿದಂಬರ?" ಎಂದು ಪಕ್ಕದ ಮನೆಯ ಮಂಗಳಕ್ಕ ಕೇಳಿದರು.

ಅದು ಇವರಿಗೂ ಗೊತ್ತಿರಲಿಲ್ಲ. ತಾವೇ ಬಾಯಲ್ಲಿ "ಕುಂಯ್ಯ್..." ಎಂದು ಕೂಗಿ ಯಂತ್ರಕ್ಕೆ ಪಾಠ ಹೇಳಿದ್ದರು.

"ಹೋಗ್ಲಿ, ನಮಗೂ ಒಳಗೆ ಒಂಚೂರು ಜಾಗ ಇದೆಯಾ?"

"ಏನಕ್ಕಾ ಹಿಂಗಂತೀರ! ಮೊದಲು ನೀವು, ಆಮೇಲೆ ನಾವು!"

ಅಷ್ಟಕ್ಕೇ ಮಂಗಳಕ್ಕ ಕರಗಿಹೋದರು. ಆ ವರ್ಷದ ಮಾವಿನ ಉಪ್ಪಿನಕಾಯಿಯ ಜಾಡಿ, ತಾರಸಿಯ ಮೇಲೆ ಒಣಗಿಸಿದ ಹಪ್ಪಳ ಸಂಡಿಗೆ, ದೊಡ್ಡ ಡಬ್ಬಿಯ ತುಂಬ ರಾಗಿಹಿಟ್ಟು ಎಲ್ಲ ತಂದು ನಮ್ಮ ಉಗ್ರಾಣ ತುಂಬಿಸಿದರು. ಅವರ ಡಬ್ಬಿಯನ್ನು ನಾವು ಯಾವತ್ತೂ ಬರಿದಾಗಿ ಹಿಂದಿರುಗಿಸಿದವರಲ್ಲ, ಅವರೂ ಅಷ್ಟೇ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುವುದು ನಮ್ಮ ವಠಾರದ ಪದ್ಧತಿ.

ಮರುದಿನ ಬೆಳಗಿನ ಅಡುಗೆ ಹೊತ್ತಿನಲ್ಲಿ ನಾನು, ಇವರು, ನಮ್ಮತ್ತೆ ಮೂವರೂ ಉಗ್ರಾಣದಲ್ಲಿ ಡಬ್ಬಿ ಜೋಡಿಸುತ್ತಿದ್ದೆವು. ಇದ್ದಕ್ಕಿದ್ದಂತೆ ಯಂತ್ರ "ಕುಂಯ್ಯ್!" ಎಂದು ಕಿವಿ ತೂತಾಗುವ ಹಾಗೆ ಅರಚಿತು. ಕಬ್ಬಿಣದ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಕೆಂಪು ದೀಪ ಹತ್ತಿತು!

"ಬಿತ್ತು! ನಾನು ಹೇಳ್ಲಿಲ್ವಾ?" ಎಂದರು ಇವರು. ಭಯಕ್ಕಿಂತ ಸಂತೋಷವೇ ಹೆಚ್ಚಾಗಿತ್ತು.

ಅಷ್ಟರಲ್ಲಿ ಬಾಗಿಲು ದಬದಬ ಬಡಿದ ಸದ್ದು. "ಅನಸೂಯಾ! ಬಾಗಿಲು ತೆಗಿಯೇ!" ಮಂಗಳಕ್ಕನ ದನಿ!

ಇವರು ಅಗುಳಿಗೆ ಕೈ ಹಾಕಿದರು. ನಾನು ಆ ಕೈ ಹಿಡಿದೆಳೆದು ಪಿಸುಗುಟ್ಟಿದೆ. "ತೆಗೀಬೇಡಿ ರೀ! ವಿಷಗಾಳಿ ಬರುತ್ತೆ!"

"ಮಾತು ಕೊಟ್ಟಿದೀನಿ ಕಣೇ!"

"ಕೊಟ್ಟಿದ್ದು ನೀವು, ನಾನಲ್ಲ!" ಎಂದು ಈ ಸಲ ಜೋರಾಗಿ ಕಿರುಚಿದೆ. "ಮಂಗಳಕ್ಕನ್ನ ಮಾತ್ರ ಸೇರಿಸ್ಬೇಡಿ! ಒಂದು ಹೊತ್ತಿಗೆ ನಾಲ್ಕು ಮುದ್ದೆ ನುಂಗ್ತಾರೆ! ನಮಗೇನು ಉಳಿಯುತ್ತೆ?"

"ಆ ಹಿಟ್ಟು ಅವರದ್ದೇ ಅಲ್ವೇನೇ?"

"ಈಗ ನಮ್ಮ ಉಗ್ರಾಣದಲ್ಲಿದೆ!"

ಬಡಿತ ನಿಂತಿತು. ಅತ್ತೆ ಮೂಲೆಯಲ್ಲಿ ಕೂತು ಮಂಗಳಕ್ಕನ ಉಪ್ಪಿನಕಾಯಿ ಚೀಪುತ್ತ, "ಪಾಪ, ಎಂಥಾ ಕೈರುಚಿ ಇತ್ತು ಅವಳದ್ದು" ಎಂದು ನಿಟ್ಟುಸಿರು ಬಿಟ್ಟರು. ಆಗ ಮತ್ತೆ "ಕುಂಯ್ಯ್!" ಎಂದಿತು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ!

ಅತ್ತೆ ಚೀಪುವುದನ್ನು ನಿಲ್ಲಿಸಿದರು. "ಅಲ್ವೋ ಚಿದು, ಬಾಂಬು ಹಿಂಗೆ ಬಿಟ್ಟುಬಿಟ್ಟು ಕೂಗುತ್ತೇನೋ? ಇದು ಪಕ್ಕದ ಮನೇಲಿ ಬೇಳೆ ಬೇಯಿಸೋ ಕುಕ್ಕರ್ ಕಣೋ!"

ಕುಕ್ಕರ್ ಇಟ್ಟಿದ್ದಾರೆಂದರೆ ಮಂಗಳಕ್ಕ ಬದುಕಿದ್ದಾರೆ. ಬದುಕಿದ್ದಾರೆಂದರೆ ಹಾರನ್ನಿನಲ್ಲಿ ಬಂದದ್ದನ್ನೆಲ್ಲ ಕೇಳಿದ್ದಾರೆ! ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ನುಂಗಲಿಲ್ಲ. ಇವರು ನೆಲಕ್ಕೂ ಸಿಮೆಂಟ್ ಹಾಕಿಸಿದ್ದರು.

ಇವರು ಅಗುಳಿ ಎಳೆದು ನೋಡಿದರು, ಜಗ್ಗಲಿಲ್ಲ. "ಸದ್ದು ಪೂರ್ತಿ ನಿಂತ್ರೆ ಬಾಗಿಲು ತಾನೇ ತೆಗೆಯುತ್ತೆ" ಎಂದು ತಡವರಿಸಿದರು.

ನಾನು ಕೂಗಲೇಬೇಕಾಯಿತು. "ಮಂಗಳಕ್ಕಾ! ಒಲೆ ಆರಿಸ್ತೀರಾ?"

ಹೊರಗಿನಿಂದ ತಣ್ಣಗೆ ಉತ್ತರ ಬಂತು. "ಇನ್ನೊಂದು ಸಲ ಕೂಗ್ಲಿ ಇರಮ್ಮ. ಬೇಳೆ ಬೆಂದಿಲ್ಲ."

ಬಾಗಿಲು ತೆರೆದಾಗ ಇಡೀ ವಠಾರ ಅಂಗಳದಲ್ಲಿ ನಿಂತು ಹಾರನ್ ನೋಡುತ್ತಿತ್ತು. ನನ್ನನ್ನು ಕಂಡದ್ದೇ ಎಲ್ಲರಿಗೂ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಒಬ್ಬರೂ ಬೈಯಲಿಲ್ಲ.

ರಾಗಿಹಿಟ್ಟನ್ನು ಬೇರೆ ಪಾತ್ರೆಗೆ ಸುರಿದು, ಡಬ್ಬಿ ತೊಳೆದು, ಅದರ ತುಂಬ ಕೊಬ್ಬರಿ ಮಿಠಾಯಿ ಹಾಕಿಕೊಂಡು ಹೋದೆ. "ಅಕ್ಕಾ, ಅದು..." ಎಂದು ಡಬ್ಬಿ ಮುಂದಕ್ಕೆ ಚಾಚಿದೆ.

"ಬಿಡಮ್ಮ, ಜೀವದ ಆಸೆ ಯಾರಿಗಿಲ್ಲ?" ಎಂದು ಮಂಗಳಕ್ಕ ಡಬ್ಬಿ ತೆಗೆದುಕೊಂಡರು.

ಸಂಜೆ ಅದೇ ಡಬ್ಬಿ ನಮ್ಮ ಮನೆಗೆ ವಾಪಸು ಬಂತು. ಪದ್ಧತಿಯಂತೆ ಬರಿದಾಗಿರಲಿಲ್ಲ. ಮುಚ್ಚಳ ತೆಗೆದೆ. ಒಳಗೆ ಬಿಸಿಬಿಸಿ ಮುದ್ದೆ, ನಾಲ್ಕು! ಅಷ್ಟನ್ನೂ ನಾನೇ ತಿಂದೆ.

ಯಂತ್ರವನ್ನು ಇವರು ಬಿಚ್ಚಲು ನೋಡಿದರು, ನಾನು ಒನಕೆಯಿಂದ ಬಡಿದೆ, ಅತ್ತೆ ನೀರು ಸುರಿದರು. ಅದು ಬಾಂಬಿಗೇ ಬಗ್ಗದ ಯಂತ್ರ! ಈಗಲೂ ವಠಾರದ ಯಾವ ಮನೆಯಲ್ಲಿ ಕುಕ್ಕರ್ ಕೂಗಿದರೂ ಹಾರನ್ನಿನಿಂದ ನನ್ನದೇ ದನಿ: "ಮಂಗಳಕ್ಕನ್ನ ಮಾತ್ರ ಸೇರಿಸ್ಬೇಡಿ! ಒಂದು ಹೊತ್ತಿಗೆ ನಾಲ್ಕು ಮುದ್ದೆ ನುಂಗ್ತಾರೆ!" ಮಂಗಳಕ್ಕ ಈಗ ಅದನ್ನು ಎಣಿಸಿಯೇ ಒಲೆ ಆರಿಸುತ್ತಾರೆ. ಅನ್ನಕ್ಕೆ ಎರಡು ಸಲ, ಬೇಳೆಗೆ ನಾಲ್ಕು, ಕಡಲೆಕಾಳಿಗೆ ಆರು.

ಅಣುಬಾಂಬ್ ಇವತ್ತಿನವರೆಗೂ ಬಿದ್ದಿಲ್ಲ. ದೇವರು ದೊಡ್ಡವನು. ಆದರೆ ವಠಾರದಲ್ಲಿ ಯಾರಾದರೂ ಕಡಲೆಕಾಳು ನೆನೆಹಾಕಿದ್ದಾರೆಂದು ತಿಳಿದ ದಿನ, ಬಿದ್ದರೂ ಅಡ್ಡಿಯಿಲ್ಲ ಎನಿಸುತ್ತದೆ.